ರಾಜ್ಯೋತ್ಸವಕ್ಕೆ ಬೇಡ, ಮಳೆಗಾಲಕ್ಕೆ ಕರೆಯೋಣ

ನವೆಂಬರಿಗೆ ಊರಿನಿಂದ ಯಾರನ್ನು ಕರೆಸೋಣ ಎಂಬ ಚರ್ಚೆ ಅಮೆರಿಕದ ನಮ್ಮ ಕನ್ನಡ ಕೂಟದ ಸಮಿತಿಯಲ್ಲಿ ಶುರುವಾಗಿದೆ. ಹೆಸರುಗಳ ಪಟ್ಟಿ ಉದ್ದವಿದೆ, ಬಜೆಟ್ ಎಂದಿನಂತೆ ಗಿಡ್ಡ. ಈ ಸಲ ಪಟ್ಟಿಯ ಪಕ್ಕದಲ್ಲಿ ಹೊಗೆಯ ಲೆಕ್ಕವನ್ನೂ ಬರೆದುಕೊಳ್ಳೋಣ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿಲೋಮೀಟರ್. ಹೋಗಿ ಬರುವ ಒಂದು ಇಕಾನಮಿ ಸೀಟಿನ ಪಾಲಿಗೆ, ಲೆಕ್ಕ ಹಾಕುವ ಕ್ರಮ ನೋಡಿಕೊಂಡು, ಒಂದೂವರೆಯಿಂದ ಮೂರು ಟನ್ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಭಾರತದಲ್ಲಿ ಒಬ್ಬರ ಇಡೀ ವರ್ಷದ ಸರಾಸರಿಯೇ ಸುಮಾರು 2 ಟನ್. ಬಿಸಿನೆಸ್ ಕ್ಲಾಸ್ ಆದರೆ ಇನ್ನೂ ಎರಡು-ಮೂರು ಪಟ್ಟು. ಸಿನಿಮಾ ತಾರೆ ಶನಿವಾರ ಬಂದು, ಎರಡು ಹಾಡಿಗೆ ಹೆಜ್ಜೆ ಹಾಕಿ, ಸೆಲ್ಫಿ ಕೊಟ್ಟು, ಸೋಮವಾರ ವಿಮಾನ ಹತ್ತುತ್ತಾರೆ. ಆ ಒಂದು ಬಿಸಿನೆಸ್ ಕ್ಲಾಸ್ ಟಿಕೆಟ್ಟಿನ ದುಡ್ಡಿನಲ್ಲಿ ಯಕ್ಷಗಾನದ ಹಾಡುಗಾರರಾದ ಭಾಗವತರು, ಮದ್ದಳೆ, ಚೆಂಡೆ ಮೂವರೂ ಬರಬಹುದಿತ್ತು, ಅಲ್ವಾ?

ಹಾಗಂತ ಕರೆಸೋದನ್ನೇ ನಿಲ್ಲಿಸಿ ಅನ್ನುತ್ತಿಲ್ಲ. ಫ್ರಾನ್ಸಿನ ನೃತ್ಯ ನಿರ್ದೇಶಕ ಜೆರೋಮ್ ಬೆಲ್ ವಿಮಾನ ಹತ್ತುವುದನ್ನೇ ಬಿಟ್ಟು, ದೂರದ ಊರಿನ ಕಲಾವಿದರಿಗೆ ವಿಡಿಯೋದಲ್ಲೇ ಕಲಿಸುತ್ತಾರೆ. ದೊಡ್ಡ ಮಾತು. ಆದರೆ ಕರಾವಳಿಯ ಯಕ್ಷಗಾನ ತಂಡಗಳ, ಅಂದರೆ ಮೇಳಗಳ, ಕಲಾವಿದರ ಕಥೆ ಬೇರೆ. ಮೇ ಕೊನೆಯಲ್ಲಿ, ಆಟಗಳ ಋತು ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದರೆ ಊರೂರು ಸುತ್ತುವ ತಿರುಗಾಟ ಮತ್ತೆ ಹೊರಡುವುದು ದೀಪಾವಳಿಯ ಆಸುಪಾಸಿನಲ್ಲಿ. ನಡುವಿನ ಮಳೆಗಾಲದಲ್ಲಿ ಹಲವರಿಗೆ ಮೇಳದ ಸಂಬಳವಿಲ್ಲ. ಕೆಲವರು ಚಿಕ್ಕಮೇಳ ಎಂಬ ಪುಟ್ಟ ತಂಡ ಕಟ್ಟಿಕೊಂಡು ಸಂಜೆ ಹೊತ್ತು ಮನೆಮನೆಗೆ ಹೋಗುತ್ತಾರೆ, ಕೆಲವರು ಬೇರೆ ಕೂಲಿ ನೋಡಿಕೊಳ್ಳುತ್ತಾರೆ. ಆಗ ಇಲ್ಲಿ ಬೇಸಿಗೆ, ಮಕ್ಕಳಿಗೆ ರಜೆ. ನಾವೋ, ಸುಮ್ನೆ ಕ್ಯಾಲೆಂಡರ್ ನೋಡಿ ನವೆಂಬರಿಗೇ ಕರೆಯುತ್ತೇವೆ. ಊರಲ್ಲಿ ತಿರುಗಾಟ ಶುರುವಾಗುವ ಹೊತ್ತಿಗೆ ಮೇಳದಿಂದ ಸ್ತ್ರೀವೇಷವನ್ನೋ ಭಾಗವತರನ್ನೋ ಎತ್ತಿಕೊಂಡು ಬಂದರೆ ಅಲ್ಲಿನ ಆಟ ಸೊರಗುತ್ತದೆ.

ಆದ್ದರಿಂದ ನನ್ನ ವಾದ ಇಷ್ಟೇ: ಜುಲೈಯಲ್ಲಿ ಕರೆಯೋಣ, ಒಂದೂವರೆ ತಿಂಗಳು ಇಟ್ಟುಕೊಳ್ಳೋಣ, ಅಕ್ಕಪಕ್ಕದ ಕೂಟಗಳೂ ಹಂಚಿಕೊಳ್ಳಲಿ. ಕಾನೂನಿನ ಅಡ್ಡಿಯೂ ಇಲ್ಲ. ಜನಪದ, ಸಾಂಪ್ರದಾಯಿಕ ಕಲೆಗಳವರಿಗೆ ಇರುವ ಪಿ-3 ವೀಸಾದಲ್ಲಿ ಆಡುವುದಷ್ಟೇ ಅಲ್ಲ, ಕಲಿಸುವುದಕ್ಕೂ ಅವಕಾಶವಿದೆ. ಒಂದೇ ಅರ್ಜಿಯಲ್ಲಿ 25 ಜನರವರೆಗೆ ಸೇರಿಸಬಹುದು, ಹಲವು ಊರುಗಳ ಕಾರ್ಯಕ್ರಮ ತೋರಿಸಬಹುದು. 2024ರ ಏಪ್ರಿಲ್‌ನಲ್ಲಿ ಅರ್ಜಿ ಶುಲ್ಕ 460 ಡಾಲರಿನಿಂದ 1,015ಕ್ಕೆ ಏರಿತು. ನಮ್ಮಂಥ ಲಾಭರಹಿತ ಸಂಸ್ಥೆಗಳಿಗೆ 510. ಕೂಟಕ್ಕೊಂದು ಅರ್ಜಿ ಹಾಕುವುದು ದಂಡ.

ಇನ್ನು ವೇಷಭೂಷಣ. ತಲಾ 23 ಕಿಲೋದ ಪೆಟ್ಟಿಗೆಯಲ್ಲಿ ಭುಜಕೀರ್ತಿ, ಎದೆಪದಕ ಹೇಗೋ ಹಿಡಿಯುತ್ತವೆ. ರಾಕ್ಷಸ ಪಾತ್ರಗಳ ಬಣ್ಣದ ವೇಷದ ದೊಡ್ಡ ಕಿರೀಟ ಹಿಡಿಯಬೇಕಲ್ಲ! ನಾಲ್ಕು ಕೂಟಗಳು ಸೇರಿ ಒಂದು ಸೆಟ್ ಮಾಡಿಸಿ ಇಲ್ಲೇ ಇಟ್ಟುಕೊಂಡರೆ ಪ್ರತಿ ಸಲ ಹೊರುವುದು ತಪ್ಪುತ್ತದೆ, ಕಲಿಯುವ ಮಕ್ಕಳಿಗೂ ಆಗುತ್ತದೆ.

ಕೊನೆಗೆ ನಮ್ಮದೇ ಒಂದು ಹುಳುಕು. ಬ್ರಿಟನ್ನಿನ ಕೋಲ್ಡ್‌ಪ್ಲೇ ಸಂಗೀತ ತಂಡ ಹಿಂದಿನ ಪ್ರವಾಸಕ್ಕೆ ಹೋಲಿಸಿದರೆ ಪ್ರತಿ ಪ್ರದರ್ಶನದ ಹೊಗೆ 59% ತಗ್ಗಿದೆ ಎಂದು 2024ರಲ್ಲಿ ಹೇಳಿತು. ಆ ಲೆಕ್ಕದಲ್ಲಿ ಪ್ರೇಕ್ಷಕರ ಓಡಾಟ ಸೇರಿಲ್ಲ. ನಮ್ಮ ದೊಡ್ಡ ಸಮ್ಮೇಳನಗಳಿಗೂ ಸಾವಿರಗಟ್ಟಲೆ ಜನ ಹಾರಿ ಬರುತ್ತಾರೆ. ವೇದಿಕೆ ಮೇಲಿನವರಿಗಿಂತ ಕೆಳಗೆ ಕೂತವರ ಹೊಗೆಯೇ ಜಾಸ್ತಿ ಇರಬೇಕು. ತಂಡವೇ ಊರೂರು ತಿರುಗಿದರೆ ಅದೂ ಕಡಿಮೆಯಾದೀತು.

ಜುಲೈ ವಾರಾಂತ್ಯ ಖಾಲಿ ಇರುವ ಕೂಟದವರು ಸಮಿತಿಗೆ ಬರೆಯಿರಿ. ಮನೆಯಲ್ಲಿ ಕೋಣೆ ಇರುವವರೂ ತಿಳಿಸಿ. ಕುಚ್ಚಲಕ್ಕಿ ಗಂಜಿ ಮಾಡಲು ಬರುವವರಿಗೆ ಆದ್ಯತೆ.