ನಮ್ಮ ಬಾರ್‌ನಲ್ಲಿ ಟಕೀಲಾ ಬದಲಾಗುತ್ತಿದೆ, ದರವೂ ಬದಲಾಗುತ್ತಿದೆ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಚಿನ್ನದ ಬಣ್ಣದ ಆ ಹಳೇ ಟಕೀಲಾ ನಮ್ಮಲ್ಲಿ ಸಿಗುವುದಿಲ್ಲ. ಶನಿವಾರದ 'ನಾಲ್ಕು ಶಾಟ್‌ಗೆ ಒಂದು ಫ್ರೀ' ಕೂಡ ನಿಲ್ಲುತ್ತದೆ. ಇನ್ನು ಪೂರ್ತಿ ಅಗಾವೆಯಿಂದ, ಅಂದರೆ ಕತ್ತಾಳೆ ಜಾತಿಯ ಗಿಡದಿಂದ, ಮಾಡಿದ್ದನ್ನು ಮಾತ್ರ ಇಡುತ್ತೇವೆ. 30 ಮಿ.ಲೀ. ದರ ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ. ಬೈಯುವ ಮುಂಚೆ ಕಾರಣ ಕೇಳಿಬಿಡಿ.

ಹಳೇ ಗಿರಾಕಿಯೊಬ್ಬರು, ಚಿಕ್ಕಂದಿನಲ್ಲಿ ಕತ್ತಾಳೆ ನಾರಿನಿಂದ ಹಗ್ಗ ಹೊಸೆದವರು, ಒಂದು ಸಂಜೆ ಕೌಂಟರಿಗೆ ಬಂದು, "ಇದನ್ನ ಕತ್ತಾಳೆಯಿಂದ ಮಾಡ್ತಾರಂತಲ್ಲ ಸ್ವಾಮಿ, ಬಾಟ್ಲಿ ಮೇಲೆ ಎಲ್ಲಿ ಬರ್ದಿದೆ ತೋರ್ಸಿ" ಅಂದರು. ತಿರುಗಿಸಿ ತಿರುಗಿಸಿ ನೋಡಿದೆ. 'ಟಕೀಲಾ' ಅಂತಿತ್ತು, 'ಗೋಲ್ಡ್' ಅಂತಿತ್ತು. '100% ಅಗಾವೆ' ಅನ್ನುವ ಮಾತು ಎಲ್ಲೂ ಇರಲಿಲ್ಲ. ಹನ್ನೊಂದು ವರ್ಷ ಅದನ್ನೇ "ಒಳ್ಳೇ ಮಾಲು ಸಾರ್" ಅಂತ ಬಗ್ಗಿಸಿಕೊಟ್ಟವನು ನಾನು.

ಆ ಮಾತಿಲ್ಲದಿದ್ದರೆ ಅದು ಮಿಕ್ಸ್ತೊ, ಅಂದರೆ ಬೆರಕೆ. ಹುದುಗಿಸುವ ಸಕ್ಕರೆಯಲ್ಲಿ 51% ಅಗಾವೆಯದ್ದಿದ್ದರೆ ಮೆಕ್ಸಿಕೊದ ಕಾನೂನಿಗೆ ಸಾಕು, ಮಿಕ್ಕಿದ್ದು ಕಬ್ಬಿನದ್ದಾದರೂ ನಡೆಯುತ್ತದೆ. 'ಗೋಲ್ಡ್' ಬಣ್ಣ ಸಾಮಾನ್ಯವಾಗಿ ಕ್ಯಾರಮೆಲ್‌ನದ್ದು, ಮರದ ಪೀಪಾಯಿಯದ್ದಲ್ಲ.

ಟಕೀಲಾಗೆ ಬೇಕಾದ್ದು ನಮ್ಮ ಬೇಲಿಯ ಕತ್ತಾಳೆಯಲ್ಲ, ಅದರ ದಾಯಾದಿ ನೀಲಿ ಅಗಾವೆ. 1974ರಿಂದ 'ಟಕೀಲಾ' ಎಂಬ ಹೆಸರಿಗೆ ಕಾನೂನಿನ ಗಡಿಯಿದೆ. ಇವತ್ತು ಆ ಗಡಿಯೊಳಗೆ ಮೆಕ್ಸಿಕೊದ ಇಡೀ ಹಾಲಿಸ್ಕೊ ರಾಜ್ಯವೂ ಇನ್ನು ನಾಲ್ಕು ರಾಜ್ಯಗಳ ಕೆಲವು ಭಾಗಗಳೂ ಇವೆ. ಗಿಡ ಬಲಿಯಲು ಆರೇಳು ವರ್ಷ ಬೇಕು. ಹೂದಂಡು ಎದ್ದರೆ ಸಕ್ಕರೆಯೆಲ್ಲ ಅದಕ್ಕೇ ಹೋಗುತ್ತದೆಂದು ಆ ದಂಡನ್ನು ಎಳೆಯದಾಗಿರುವಾಗಲೇ ಕಡಿಯುತ್ತಾರೆ. ಆಮೇಲೆ ಹಿಮದೋರ್ ಎಂಬ ಕೊಯ್ಲಿನವನು ಉದ್ದ ಹಿಡಿಯ, ದುಂಡು ಅಲಗಿನ ಕೋವಾದಿಂದ ಎಲೆಗಳನ್ನೆಲ್ಲ ಸವರುತ್ತಾನೆ. ಉಳಿಯುವುದು ದೈತ್ಯ ಅನಾನಸಿನಂಥ ತಿರುಳು, ಒಂದೊಂದು ಮೂವತ್ತು-ನಲವತ್ತು ಕಿಲೋ, ಕೆಲವು ಅದಕ್ಕೂ ಭಾರ. ಇಟ್ಟಿಗೆ ಗೂಡಿನಲ್ಲಿ ಒಂದೆರಡು ದಿನ ಬೆಂದರೆ ಸುಟ್ಟ ಗೆಣಸಿನ ಸಿಹಿ ಬರುತ್ತದೆ. ಹಳೇ ಪದ್ಧತಿಯವರು ಈಗಲೂ ತಹೋನಾ ಎಂಬ ಕಲ್ಲಿನ ಚಕ್ರದಲ್ಲಿ ಅರೆಯುತ್ತಾರೆ. ನಮ್ಮ ಗಾಣಕ್ಕೆ ನೆಂಟ ಅನ್ನಿ.

ಅವಸರದವರಿಗೆ ಡಿಫ್ಯೂಸರ್ ಇದೆ. ಬೇಯಿಸದ ತಿರುಳಿನ ಮೇಲೆ ಬಿಸಿನೀರು ಹಾಯಿಸಿ ಸಕ್ಕರೆ ತೊಳೆದು ತೆಗೆಯುವ ಯಂತ್ರ. ಅದರಲ್ಲಿ ಮಾಡಿದ್ದಕ್ಕೂ '100%' ಅಂತ ಬರೆಯಬಹುದು. ಅಷ್ಟೇ ಅಲ್ಲ, ಕ್ಯಾರಮೆಲ್, ಗ್ಲಿಸರಿನ್, ಸಕ್ಕರೆ ಪಾಕ ಇಂಥವನ್ನು 1% ಒಳಗೆ ಸೇರಿಸಿದರೂ ಲೇಬಲ್ ಬದಲಾಗುವುದಿಲ್ಲ. ಅದಕ್ಕೇ ಹೊಸ ಮೆನುವಿನಲ್ಲಿ ಪ್ರತಿ ಬಾಟಲಿಯ ನಾಲ್ಕಂಕಿಯ ನೋಮ್ ಸಂಖ್ಯೆಯನ್ನೂ ಹಾಕಿದ್ದೇವೆ. ಮಾಲು ಯಾವ ಕಾರ್ಖಾನೆಯದ್ದು ಅಂತ ಅದು ಹೇಳುತ್ತದೆ. ಬೇರೆ ಬೇರೆ ಹೆಸರಿನ ಎರಡು ಬಾಟಲಿಗೆ ಒಂದೇ ಸಂಖ್ಯೆ ಕಂಡರೆ ಗಾಬರಿಯಾಗಬೇಡಿ. ಎರಡೂ ಒಂದೇ ಮನೆಯಲ್ಲಿ ಹುಟ್ಟಿದವು.

ಮೊದಲು ಬ್ಲಾಂಕೊ, ಅಂದರೆ ಬಣ್ಣವಿಲ್ಲದ ತಿಳಿ ಟಕೀಲಾ, ಕುಡಿದು ನೋಡಿ. ರೆಪೊಸಾದೊ ಕನಿಷ್ಠ ಎರಡು ತಿಂಗಳು, ಅನ್ಯೆಹೊ ಕನಿಷ್ಠ ಒಂದು ವರ್ಷ ಮರದಲ್ಲಿರುತ್ತವೆ. ಚೆನ್ನಾಗಿಯೇ ಇರುತ್ತವೆ, ಆದರೆ ಮರ ಎಷ್ಟೋ ತಪ್ಪು ಮುಚ್ಚುತ್ತದೆ. ಹೋದ ವಾರ ಬ್ಲಾಂಕೊ ಕೊಟ್ಟಾಗ ಒಬ್ಬರು "ಇದೇನು ನೀರು ಬೆರೆಸಿದ್ದೀರಾ?" ಅಂತ ವಾಪಸ್ ಕಳಿಸಿದರು. ಅವರ ತಪ್ಪಲ್ಲ. ಬಣ್ಣವಿದ್ದರೆ ಒಳ್ಳೆಯದು ಅಂತ ಕಲಿಸಿದ್ದು ನಾವೇ.

ಐಸ್ ಇಲ್ಲದೆ, ಸಣ್ಣ ಕಾಲಿನ ಗ್ಲಾಸಿನಲ್ಲಿ ಕೊಡುತ್ತೇವೆ. ಎರಡು ನಿಮಿಷ ಬಿಟ್ಟು ಮೂಸಿ: ಕರಿಮೆಣಸು, ಹಸಿ ಹುಲ್ಲು, ನಿಂಬೆ ಸಿಪ್ಪೆ, ಹಿಂದಿನಿಂದ ಆ ಗೆಣಸು. ಬ್ಲಾಂಕೊದಲ್ಲೇ ಕೇಕಿನಂಥ ವೆನಿಲಾ ಘಮ್ಮೆಂದರೆ ನನಗಂತೂ ಅನುಮಾನ. ಉಪ್ಪು-ನಿಂಬೆ ತಟ್ಟೆ ತಾನಾಗಿ ಬರುವುದಿಲ್ಲ, ಕೇಳಿದರೆ ಮುಖ ಗಂಟು ಹಾಕದೆ ಕೊಡುತ್ತೇವೆ. ಮಾರ್ಗರಿಟಾಗೂ ಇನ್ನು ಇದೇ ಬ್ಲಾಂಕೊ.

ಹಳೇ ಸ್ಟಾಕಿನಲ್ಲಿ ಆರು ಬಾಟಲಿ ಉಳಿದಿವೆ. ತಿಂಗಳ ಕೊನೆಯವರೆಗೆ ಹಳೇ ದರಕ್ಕೇ ಸಿಗುತ್ತದೆ, ಏನು ಅಂತ ಹೇಳಿಯೇ ಕೊಡುತ್ತೇವೆ.

ಇತಿ,
ಕೌಂಟರಿನಿಂದ, ನಿಮ್ಮವ