ಬಾಗಿಲು ಹಾಕಬೇಕು ಅಂದೆಯಲ್ಲ, ಪುಟ್ಟಿ

ಹಿರಿಯಡ್ಕ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಫೋನ್ ಇಟ್ಟು ಒಂದು ಗಂಟೆ ಆಯಿತು. ಪಪ್ಪ ಮಲಗಿದ್ದಾರೆ. ನನಗೆ ನಿದ್ದೆ ಬರಲಿಲ್ಲ. ನಿನ್ನ ಹಳೇ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆ ಹುಡುಕಿ ಬರೆಯಲು ಕೂತಿದ್ದೇನೆ. ಬೆಳಿಗ್ಗೆ ತಮ್ಮನ ಹತ್ತಿರ ಫೋಟೋ ತೆಗೆಸಿ ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಫೋನಿನಲ್ಲಿ ಹೇಳಲು ಹೋದರೆ ನೀನು ಮಧ್ಯೆ ಬಾಯಿ ಹಾಕುತ್ತೀ, ನನಗೆ ಸಿಟ್ಟು ಬರುತ್ತದೆ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ.

ಕೆನಡಾಕ್ಕೆ ಓದಲು ಬರಬೇಕು ಅಂತಿದ್ದ ಪಕ್ಕದ ಮನೆ ಹುಡುಗನ ವೀಸಾ ಅರ್ಜಿ ತಿರಸ್ಕಾರ ಆಯಿತು ಅಂತ ನಾನು ಹೇಳಿದೆ. ಅದಕ್ಕೆ ನೀನು, "ಒಳ್ಳೇದೇ ಆಯ್ತು ಅಮ್ಮ. ಇನ್ನು ಸಾಕು. ಇವರು ಬಾಗಿಲು ಹಾಕಬೇಕು. ಈಗ ಬರ್ತಿರುವವರಿಂದ ನಮ್ಮ ಹೆಸರೂ ಹಾಳು" ಅಂದೆ. ನಾನು ಹೂಂ ಅಂದು ಬೇರೆ ಮಾತು ತೆಗೆದೆ. ಹೂಂ ಅನ್ನಬಾರದಿತ್ತು.

ಅದಕ್ಕೆ ಹತ್ತು ನಿಮಿಷ ಮುಂಚೆ ನೀನು ಅಮೆರಿಕದ ಸುಂಕದ ಬಗ್ಗೆ ಹೇಳುತ್ತಿದ್ದೆ. ಆ ವಿಷಯ ನಿನ್ನಿಂದಲೇ ನಾನು ಕಲಿತದ್ದು. ನದಿಯ ಆಚೆ ಡೆಟ್ರಾಯಿಟ್, ಈಚೆ ಕೆನಡಾದ ನಿಮ್ಮ ವಿಂಡ್ಸರ್, ನಡುವೆ 1929ರಿಂದ ನಿಂತಿರುವ ಅಂಬಾಸಿಡರ್ ಸೇತುವೆ. ಕಾರಿನ ಸೀಟಿನ ಕಬ್ಬಿಣದ ಚೌಕಟ್ಟು ಆಚೆ ಹೋಗಿ, ಬಟ್ಟೆ ಹೊದ್ದು ಈಚೆ ಬಂದು, ಕೊನೆಗೆ ಕಾರಿನೊಳಗೆ ಕೂತು ಮತ್ತೆ ಆಚೆ ಹೋಗುತ್ತದೆ ಅಂತ ನೀನು ಹೇಳಿದ್ದು ನನಗೆ ಮರೆತಿಲ್ಲ. ಅಂಥ ಎರಡು ಊರುಗಳ ನಡುವೆ ಸುಂಕ ಬಂತು. 2025ರ ಫೆಬ್ರವರಿಯಲ್ಲಿ ಕೆನಡಾದ ಸಾಮಾನಿಗೆ ಶೇಕಡಾ 25 ಅಂದರು, ಒಂದು ತಿಂಗಳು ಮುಂದೆ ಹಾಕಿದರು, ಮಾರ್ಚ್ 4ಕ್ಕೆ ಜಾರಿ ಮಾಡಿದರು. ಮೂರು ದಿನದೊಳಗೆ ಅಮೆರಿಕ, ಕೆನಡಾ, ಮೆಕ್ಸಿಕೊ ಮೂರು ದೇಶಗಳ ವ್ಯಾಪಾರ ಒಪ್ಪಂದದ ಪ್ರಕಾರ ತಯಾರಾದ ಸಾಮಾನನ್ನು ಸುಂಕದಿಂದ ಬಿಟ್ಟರು. ಏಪ್ರಿಲ್ 3ಕ್ಕೆ ಕಾರುಗಳ ಮೇಲೆ ಬೇರೆಯೇ 25. ನಿಮ್ಮೂರಿನ ದೊಡ್ಡ ಕಾರು ಕಾರ್ಖಾನೆ ಎರಡು ವಾರ ನಿಂತಿತು. ಆ ಎರಡು ವಾರ ನಿನಗೂ ಕೆಲಸ ಇರಲಿಲ್ಲ. "ಊಟ ಮಾಡಿದ್ಯಾ" ಅಂತ ನಾನು ದಿನಕ್ಕೆ ಮೂರು ಸಲ ಕೇಳಿದ್ದು ಅದಕ್ಕೇ.

ಆ ಸುಂಕಕ್ಕೆ ಟ್ರಂಪ್ ಕೊಟ್ಟ ಕಾರಣ ನಿನಗೆ ನೆನಪಿರಬೇಕು. ಕೆನಡಾ ಕಡೆಯಿಂದ ಗಡಿ ದಾಟಿ ಜನ ಬರುತ್ತಾರೆ, ಫೆಂಟಾನಿಲ್ ಅನ್ನುವ ಅಮಲು ಔಷಧ ಬರುತ್ತದೆ ಅಂತ. ಜನರನ್ನು ತಡೆಯಲಿಲ್ಲ ಎಂದು ಸಾಮಾನಿನ ಮೇಲೆ ಬರೆ ಹಾಕಿದರು. ಆ ಬರೆ ನಿನ್ನ ಸಂಬಳಕ್ಕೆ ಬಿತ್ತು. "ಎಂಥ ಅನ್ಯಾಯ ಅಮ್ಮ, ನಾವು ಯಾರಿಗೆ ಏನು ಮಾಡಿದ್ವಿ" ಅಂದೆ. ಹತ್ತು ನಿಮಿಷ ಕಳೆಯುವುದರೊಳಗೆ ಬಾಗಿಲು ಹಾಕಬೇಕು ಅಂದವಳೂ ನೀನೇ. ಆ ಎರಡು ಮಾತು ನನ್ನ ತಲೆಯಲ್ಲಿ ಒಟ್ಟಿಗೆ ಕೂರುವುದಿಲ್ಲ ಪುಟ್ಟಿ.

ಸುಂಕವೇ ಬೇಡ ಅನ್ನುವವಳು ನಾನಲ್ಲ. ನಾನು ಕೆಲಸ ಮಾಡುವ ಗೇರುಬೀಜದ ಫ್ಯಾಕ್ಟರಿ ನಿಂತಿರುವುದೇ ಸುಂಕದ ಮೇಲೆ. ನಿನಗೆ ಇದನ್ನು ಸರಿಯಾಗಿ ಯಾವತ್ತೂ ಹೇಳಿಲ್ಲ, ಈಗ ಹೇಳುತ್ತೇನೆ.

ನಮ್ಮ ಊರಿನ ಗೇರುಬೀಜ ಬರುವುದು ಮಾರ್ಚ್‌ನಿಂದ ಮೇ ತನಕ. ಮಳೆ ಹಿಡಿದರೆ ಮುಗಿಯಿತು. ಫ್ಯಾಕ್ಟರಿ ವರ್ಷವಿಡೀ ನಡೆಯಬೇಕಾದರೆ ಆಫ್ರಿಕಾದ ಬೀಜ ಬೇಕು. ಐವರಿ ಕೋಸ್ಟ್, ಘಾನಾ, ತಾಂಜಾನಿಯಾದ ಗೋಣಿಗಳು ಹಡಗಿನಲ್ಲಿ ಬರುತ್ತವೆ. 2016ರ ಬಜೆಟಿನಲ್ಲಿ ಆ ಹಸಿ ಬೀಜಕ್ಕೆ ಶೇಕಡಾ 5 ಸುಂಕ ಹಾಕಿದರು. ಅದಕ್ಕೂ ಮೊದಲು ಇರಲಿಲ್ಲ. ಫ್ಯಾಕ್ಟರಿಯವರು ಗೋಳಾಡಿದರು. 2018ರಲ್ಲಿ ಅದನ್ನು ಎರಡೂವರೆಗೆ ಇಳಿಸಿದರು. ನಾನು ಕೆಲಸಕ್ಕೆ ಸೇರಿದ ವರ್ಷವೇ ಅದು. ಯಜಮಾನರು ಸಿಹಿ ಹಂಚಿದ್ದರು.

ನಿನ್ನ ಮಾವನಿಗೆ ಮಾತ್ರ ಅದು ಸಿಹಿ ಆಗಲಿಲ್ಲ. ಅವನ ಎರಡು ಎಕರೆ ಗುಡ್ಡೆಯಲ್ಲಿ ಇರುವುದೇ ಗೇರು ಮರ. "ಹೊರಗಿನ ಬೀಜ ಅಗ್ಗಕ್ಕೆ ಬಂದರೆ ನನ್ನ ಬೀಜ ಯಾರು ಕೇಳ್ತಾರೆ? ಸುಂಕ ಇಳಿಸುವುದಲ್ಲ, ಏರಿಸಬೇಕು" ಅಂತ ನಮ್ಮ ಚಾವಡಿಯಲ್ಲೇ ಕೂತು ಜಗಳ ಆಡಿದ. ಒಂದೇ ತಟ್ಟೆಯಲ್ಲಿ ಉಂಡ ಅಣ್ಣ ತಂಗಿ ನಾವು. ಬೀಜದ ಸುಂಕ ಏರಿದರೆ ಅವನಿಗೆ ಲಾಭ, ಇಳಿದರೆ ನನಗೆ. ಅವನ ಮಾತು ಸುಳ್ಳಲ್ಲ. ನನ್ನದೂ ಅಲ್ಲ.

ಮರುವರ್ಷ, 2019ರ ಜುಲೈಯಲ್ಲಿ, ಸುಲಿದ ತಿರುಳಿನ ಮೇಲಿನ ಸುಂಕವನ್ನು 45ರಿಂದ 70ಕ್ಕೆ ಏರಿಸಿದರು. ಇದು ನಮಗೆ ಬೇಕಿತ್ತು. ವಿಯೆಟ್ನಾಂನಲ್ಲಿ ಮೆಷಿನ್ ಕತ್ತರಿಸುತ್ತದೆ, ಮೆಷಿನ್ ಸಿಪ್ಪೆ ತೆಗೆಯುತ್ತದೆ. ಆ ತಿರುಳು ನೇರ ಅಂಗಡಿಗೆ ಬಂದರೆ ನಮ್ಮ ಸಾಲಿನಲ್ಲಿ ಕೂರುವ ಹೆಂಗಸರು ಎಂಥ ಮಾಡುವುದು? ಕಟಿಂಗಿನಲ್ಲಿ ಕೂತವರ ಬೆರಳು ನೋಡಿದ್ದೀಯಲ್ಲ, ಚಿಪ್ಪಿನ ಎಣ್ಣೆ ಹತ್ತಿ ಚರ್ಮ ಕಪ್ಪಾಗಿ ಸುಲಿದು ಹೋಗಿರುತ್ತದೆ. ಆ ಕೈ ನಂಬಿ ಮನೆ ನಡೆಸುವವರಿಗೆ ಒಂದು ಬೇಲಿ ಇರಲಿ ಅಂತ ನಾನು ಇವತ್ತೂ ಹೇಳುತ್ತೇನೆ. ಬೆನಿನ್ ದೇಶದವರು 2024ರ ಏಪ್ರಿಲಿನಿಂದ ಹಸಿ ಬೀಜ ಹೊರಗೆ ಕಳಿಸುವುದನ್ನೇ ನಿಲ್ಲಿಸಿದರಂತೆ, ಸುಲಿಯುವ ಕೆಲಸ ತಮ್ಮಲ್ಲೇ ಇರಲಿ ಅಂತ. ನಮ್ಮ ಯಜಮಾನರಿಗೆ ಸಿಟ್ಟು ಬಂತು. ನನಗೆ ಅವರ ಹೆಂಗಸರ ನೆನಪಾಯಿತು. ಅವರಿಗೂ ಕೆಲಸ ಬೇಕು ಅಲ್ವಾ?

ಆದರೆ ಬೀಜಕ್ಕೆ ಸುಂಕ ಏರಿದರೆ ಗೋಣಿಯನ್ನು ಗೋಡೌನಿನಲ್ಲಿ ಇಡಬಹುದು. ಮೂರು ತಿಂಗಳು ಕಾಯಬಹುದು. ಜನರನ್ನು ಹಾಗೆ ಇಡಲು ಆಗುವುದಿಲ್ಲ. ಅವರಿಗೆ ಮಕ್ಕಳಿರುತ್ತವೆ, ಸಾಲ ಇರುತ್ತದೆ, ಪರೀಕ್ಷೆ ಇರುತ್ತದೆ. ಇದು ನಿನಗೆ ಗೊತ್ತಿಲ್ಲದ ಸಂಗತಿ ಅಲ್ಲ ಮಾರಾಯ್ತಿ.

ಸೌದಿಯ ಜುಬೈಲಿನಲ್ಲಿ ನಾವಿದ್ದ ಮನೆ ನೆನಪು ಮಾಡು. 2017ರ ಜುಲೈ. ಸೌದಿಯವರು ಹೊರದೇಶದವರ ಹೆಂಡತಿ ಮಕ್ಕಳಿಗೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿದರು. ಪ್ರತಿ ವರ್ಷ ನೂರು ನೂರು ಏರಿ 2020ಕ್ಕೆ 400 ಆಗುತ್ತದೆ ಅಂತ ಮೊದಲೇ ಹೇಳಿಬಿಟ್ಟಿದ್ದರು. ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿ, ನವೀಕರಿಸುವಾಗ ವರ್ಷದ್ದು ಒಟ್ಟಿಗೆ ಕಟ್ಟಬೇಕಿತ್ತು. ಪಪ್ಪ ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದರು. ನಾನು, ನೀನು, ತಮ್ಮ. ಮೊದಲ ವರ್ಷ 3,600. ಮುಂದಿನ ವರ್ಷ 7,200. ಆಮೇಲೆ 10,800. ಆಮೇಲೆ 14,400. ಕೊನೆಯ ಅಂಕಿಯ ಕೆಳಗೆ ಎರಡು ಗೆರೆ ಎಳೆದು ಪೆನ್ನು ಮುಚ್ಚಿದರು. ಏನೂ ಮಾತಾಡಲಿಲ್ಲ. ನೀನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ.

ನಿನ್ನ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಮುಗಿಯುವ ತನಕ ಕಾದೆವು. ಆಮೇಲೆ ನಮ್ಮ ಮೂವರಿಗೆ ಫೈನಲ್ ಎಕ್ಸಿಟ್, ಆ ದೇಶವನ್ನೇ ಬಿಟ್ಟು ಹೊರಡುವ ಕಾಗದ. ಹೊಲಿಗೆ ಮೆಷಿನನ್ನು ಎದುರು ಮನೆಯ ಮಲಯಾಳಿ ಅಕ್ಕನಿಗೆ ಕೊಟ್ಟೆ. ಎರಡು ತಿಂಗಳಿಗೆ ಅವರೂ ಹೊರಟರು, ಅದನ್ನು ಯಾರಿಗೆ ಕೊಟ್ಟರೋ. ಪಪ್ಪ ಬ್ಯಾಚುಲರ್ ರೂಮಿಗೆ ಹೋದರು. ಐವತ್ತು ದಾಟಿದ ಮನುಷ್ಯ, ಇಪ್ಪತ್ತು ವರ್ಷ ಆ ದೇಶದ ಪೈಪ್ ಜೋಡಿಸಿದವರು, ಐದು ಜನರ ರೂಮಿನಲ್ಲಿ ಮೇಲಿನ ಮಂಚ. ವಿಮಾನದಲ್ಲಿ ನೀನು ಮಂಗಳೂರಿನ ಬಜಪೆ ಬರುವ ತನಕ ಅತ್ತೆ. "ನಾವು ಏನು ತಪ್ಪು ಮಾಡಿದ್ವಿ ಅಮ್ಮ" ಅಂದೆ. ಇವತ್ತು ಸುಂಕದ ಬಗ್ಗೆ ನೀನು ಕೇಳಿದ್ದೂ ಅದೇ ಮಾತು.

ಅವರ ದೇಶ, ಅವರ ಮಕ್ಕಳಿಗೆ ಕೆಲಸ ಬೇಕು, ಅದು ನನಗೆ ಆಗಲೂ ಅರ್ಥವಾಗಿತ್ತು. ನನಗೆ ನೋವಾದದ್ದು ಬೇರೆ. ನಮ್ಮನ್ನು ಬಾ ಅಂತ ಕರೆಸಿಕೊಂಡು, ನಾವು ಸಂಸಾರ ಹೂಡಿದ ಮೇಲೆ ಲೆಕ್ಕ ಬದಲಾಯಿಸಿದರಲ್ಲ, ಅದು.

ಈಗ ನಿಮ್ಮ ಕೆನಡಾದಲ್ಲಿ ಆಗುತ್ತಿರುವುದೂ ಇದೇ ಅಂತ ನನಗೆ ಕಾಣುತ್ತದೆ. 2023ರ ಕೊನೆಗೆ ಅಲ್ಲಿ ಓದುವ ಅನುಮತಿ, ಅಂದರೆ ಸ್ಟಡಿ ಪರ್ಮಿಟ್, ಇದ್ದವರು 10 ಲಕ್ಷಕ್ಕೂ ಜಾಸ್ತಿ. ಅಷ್ಟು ಜನರನ್ನು ಕರೆದವರು ಯಾರು? ನಿನ್ನ ಕ್ಲಾಸಿನಲ್ಲಿ ಕೆನಡಾದ ಮಕ್ಕಳು ಕಟ್ಟಿದ ಫೀಸು ಎಷ್ಟು, ನೀನು ಕಟ್ಟಿದ್ದು ಎಷ್ಟು, ನಿನಗೇ ಗೊತ್ತು. ಕಾಲೇಜುಗಳಿಗೆ ಆ ದುಡ್ಡು ಬೇಕಿತ್ತು, ಸರ್ಕಾರ ಪರ್ಮಿಟ್ ಕೊಟ್ಟಿತು, ಬಂದವರಿಗೆ ಬೇಕಾದಷ್ಟು ಮನೆ ಮಾತ್ರ ಯಾರೂ ಕಟ್ಟಲಿಲ್ಲ. ಬಾಡಿಗೆ ಏರಿದ್ದು ನಿಜ. ನೀನು ನೆಲಮಾಳಿಗೆಯ ರೂಮಿಗೆ ಕೊಡುವ ಬಾಡಿಗೆ ಕೇಳಿ ನಾನೂ ಹೌಹಾರಿದ್ದೇನೆ. 2024ರ ಜನವರಿಯಲ್ಲಿ ಪರ್ಮಿಟಿಗೆ ಮಿತಿ ಹಾಕಿದರು. ಬ್ಯಾಂಕಿನಲ್ಲಿ ತೋರಿಸಬೇಕಾದ ದುಡ್ಡು ನಿನ್ನ ಕಾಲಕ್ಕೆ 10,000 ಡಾಲರ್ ಇತ್ತು. ಅದು 20,635 ಆಯಿತು, 2025ರ ಸೆಪ್ಟೆಂಬರಿಗೆ 22,895. ಪಿಆರ್, ಅಂದರೆ ಅಲ್ಲೇ ಕಾಯಂ ಇರುವ ಅನುಮತಿ, ಕೊಡುವ ಸಂಖ್ಯೆಯನ್ನೂ 2025ಕ್ಕೆ 5 ಲಕ್ಷ ಅಂದದ್ದನ್ನು 3,95,000ಕ್ಕೆ ಇಳಿಸಿದರು. ಎಷ್ಟು ಜನ ಬರಬೇಕು ಅಂತ ಒಂದು ದೇಶ ಎಣಿಸಿ ಹೇಳುವುದು ತಪ್ಪಲ್ಲ. ನಮ್ಮ ಮನೆಗೂ ಎಷ್ಟು ನೆಂಟರು ಅಂತ ನೋಡಿಯೇ ಅಕ್ಕಿ ಹಾಕುವುದು. ಆದರೆ ಸರ್ಕಾರ ಸಂಖ್ಯೆ ಇಳಿಸುವುದು ಬೇರೆ, ನಿನ್ನ ಬಾಯಲ್ಲಿ "ಇವರಿಂದ ನಮ್ಮ ಹೆಸರು ಹಾಳು" ಅನ್ನುವ ಮಾತು ಬರುವುದು ಬೇರೆ. 2021ರಲ್ಲಿ ನೀನು ಹೋದಾಗ ಹಿಂದಿನ ವರ್ಷ ಹೋದವರು ನಿನ್ನ ಬಗ್ಗೆ ಹಾಗೆ ಹೇಳಿದ್ದರೆ?

ನಿನ್ನ ಅಜ್ಜ ಹದಿನಾಲ್ಕನೇ ವಯಸ್ಸಿಗೆ ಬೊಂಬಾಯಿಯ ಹೋಟೆಲಿನಲ್ಲಿ ಲೋಟ ತೊಳೆದವರು. ರಾತ್ರಿ ಅದೇ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದರು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣದವರು ನಮ್ಮ ಕೆಲಸ ಕಸಿದರು ಅನ್ನುವ ಮಾತು ಅಲ್ಲಿ ಬೀದಿ ಬೀದಿಯಲ್ಲಿ ಇತ್ತಂತೆ. ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದವು. ಅಜ್ಜ ಇದನ್ನು ಹೇಳುವಾಗ ದನಿ ಏರಿಸುತ್ತಿರಲಿಲ್ಲ. ಕಲ್ಲು ಬಿದ್ದ ಮರುದಿನವೂ ಬೆಳಿಗ್ಗೆ ಐದಕ್ಕೇ ಇಡ್ಲಿ ಇಡಬೇಕಿತ್ತು ಅನ್ನುತ್ತಿದ್ದರು, ಅಷ್ಟೇ.

ನಿನಗೆ ಇಷ್ಟೆಲ್ಲ ಹೇಳುವ ನಾನೂ ಒಂದು ತಪ್ಪು ಮಾಡಿದ್ದೇನೆ. ಇದುವರೆಗೆ ಯಾರಿಗೂ ಹೇಳಿಲ್ಲ, ಪಪ್ಪನಿಗೂ. 2019ರಲ್ಲಿ ನಮ್ಮ ಫ್ಯಾಕ್ಟರಿಗೆ ಜಾರ್ಖಂಡದ ಹುಡುಗಿಯರು ಬಂದರು. ಅದಕ್ಕೂ ಮೊದಲು ಹೊರಗಿನವರು ಅಂದರೆ ನಮಗೆ ಘಟ್ಟದ ಮೇಲಿನ ಊರಿನವರು. ಈಗ ಹಿಂದಿಯವರು. ನಾವು ಏಳೆಂಟು ಹೆಂಗಸರು ಸೇರಿ ಯಜಮಾನರ ಹತ್ತಿರ ಹೋದೆವು. ಹಿಂದಿಯವರನ್ನು ತರಿಸಬೇಡಿ, ನಮ್ಮ ಕೆಲಸ ಹೋಗುತ್ತದೆ, ಅವರ ಕ್ರಮವೂ ನಮಗೆ ಆಗುವುದಿಲ್ಲ ಅಂದೆವು. ಮಾತಾಡಿದವಳು ನಾನು. ನನಗೆ ಸ್ವಲ್ಪ ಹಿಂದಿ ಬರುತ್ತದೆ, ಊರು ಬಿಟ್ಟು ಇದ್ದು ಗೊತ್ತಿದೆ ಅಂತ ಅವರೇ ನನ್ನನ್ನು ಮುಂದೆ ಮಾಡಿದರು. ಜುಬೈಲಿನಿಂದ ಬಂದು ವರ್ಷ ಕಳೆದಿತ್ತು ಅಷ್ಟೇ ಪುಟ್ಟಿ. ಪಪ್ಪ ಇನ್ನೂ ಆ ಮೇಲಿನ ಮಂಚದಲ್ಲೇ ಇದ್ದರು.

ಯಜಮಾನರು ಕೇಳಲಿಲ್ಲ. ಒಂದು ವಾರದ ಮೇಲೆ ಗ್ರೇಡಿಂಗ್ ಕಲಿಸಲು ಒಬ್ಬಳನ್ನು ನನ್ನ ಪಕ್ಕಕ್ಕೇ ಕೂರಿಸಿದರು. ನಿನ್ನ ವಯಸ್ಸಿನವಳು. ಬೋರ್ಮಾದಲ್ಲಿ, ಅಂದರೆ ಒಣಗಿಸುವ ಬಿಸಿ ಕೋಣೆಯಲ್ಲಿ, ಒಣಗಿ ಬಂದ ತಿರುಳನ್ನು ಅವಳ ಅಂಗೈಗೆ ಹಾಕಿದೆ. ಇದು ಇಡೀ, ಇದು ಸೀಳು, ಇದರ ಮೈ ಸುಟ್ಟಿದೆ, ಇದು 320, ಅಂದರೆ ಒಂದು ಪೌಂಡಿಗೆ ಮುನ್ನೂರರಿಂದ ಮುನ್ನೂರಿಪ್ಪತ್ತು ತೂಗುವುದು. ಅವಳು ಒಂದೊಂದನ್ನೂ ಬೆರಳ ತುದಿಯಲ್ಲಿ ತಿರುಗಿಸಿ ನೋಡಿದಳು. ಮಧ್ಯಾಹ್ನ ಊಟದ ಡಬ್ಬಿ ತೆರೆದಾಗ ಅವಳದ್ದರಲ್ಲಿ ಬರೀ ಅನ್ನ, ಒಂದು ಹಸಿಮೆಣಸು. ನಾನು ನನ್ನ ಬಂಗುಡೆ ಸಾರು ಕೊಟ್ಟೆ. ಅವಳು ತಿಂದು ಕಣ್ಣು ಒರೆಸಿಕೊಂಡಳು, ಖಾರಕ್ಕೋ ಏನೋ. ಅವಳು ಈಗ ನಮ್ಮಲ್ಲಿ ಎಲ್ಲರಿಗಿಂತ ಚುರುಕು. ತುಳುವಿನಲ್ಲೇ ನನ್ನ ಹತ್ತಿರ ಜಗಳ ಆಡುತ್ತಾಳೆ. ನಮ್ಮವರ ಕೆಲಸ ಹೋಗಲೂ ಇಲ್ಲ, ಏಕೆಂದರೆ ನಮ್ಮ ಮಕ್ಕಳು ಯಾರೂ ಆ ಸಾಲಿನಲ್ಲಿ ಕೂರಲು ಬರಲಿಲ್ಲ. ನೀನೂ ಬರಲಿಲ್ಲ, ಬರಬೇಕು ಅಂತ ನಾನು ಬಯಸಲೂ ಇಲ್ಲ. ಅವಳ ವಿರುದ್ಧ ಮಾತಾಡಿದವಳು ನಾನು ಅಂತ ಅವಳಿಗೆ ಇನ್ನೂ ಗೊತ್ತಿಲ್ಲ. ಹೇಳಬೇಕು. ಹೇಳುತ್ತೇನೆ.

ಪಕ್ಕದ ಮನೆ ಹುಡುಗನ ವಿಷಯಕ್ಕೆ ಬರುತ್ತೇನೆ. ಅವನಮ್ಮ ನಿನ್ನೆ ಹಲಸಿನ ಹಪ್ಪಳ ಹಿಡಿದುಕೊಂಡು ಬಂದಿದ್ದಳು. ಏಜೆಂಟ್ ಇನ್ನೊಂದು ಸಲ ಅರ್ಜಿ ಹಾಕೋಣ, ಬೇರೆ ಕಾಲೇಜು ಇದೆ ಅನ್ನುತ್ತಿದ್ದಾನಂತೆ. ಮನೆ ಅಡವಿಡುವ ಮಾತು ನಡೆಯುತ್ತಿದೆ. "ನಿಮ್ಮ ಮಗಳನ್ನು ಒಂದು ಮಾತು ಕೇಳಿ ಅಕ್ಕ, ಅವಳು ಹೇಳಿದ ಹಾಗೆ ಮಾಡ್ತೇವೆ" ಅಂದಳು. ಆ ಹುಡುಗ ನಿನ್ನ ಸೈಕಲಿನ ಹಿಂದೆ ಓಡಿಕೊಂಡು ಬೆಳೆದವನು.

ಶನಿವಾರ ನಿನಗೆ ರಜೆ ಅಲ್ವಾ? ನಿನ್ನ ಬೆಳಿಗ್ಗೆ, ನಮ್ಮ ಸಂಜೆ. ಅವನಿಗೆ ಫೋನ್ ಮಾಡು. ಬರಬೇಡ ಅನ್ನುವುದಾದರೆ ಬರಬೇಡ ಅನ್ನು, ಆದರೆ ಕಾರಣ ಎಲ್ಲ ಬಿಡಿಸಿ ಹೇಳು. ಬಾಡಿಗೆ ಎಷ್ಟು, ಕೆಲಸ ಸಿಗುವುದು ಎಷ್ಟು ಕಷ್ಟ, ಯಾವ ಕಾಲೇಜಿನ ಕಾಗದಕ್ಕೆ ಬೆಲೆ ಇಲ್ಲ, ಆ ಎರಡು ವಾರ ನೀನು ಏನು ತಿಂದೆ, ಎಲ್ಲ. ನನ್ನ ಹತ್ತಿರ ಹೇಳದ್ದನ್ನೂ ಅವನಿಗೆ ಹೇಳು. ಅವನ ನಂಬರ್ ತಮ್ಮ ಕಳಿಸುತ್ತಾನೆ.

ಹಪ್ಪಳ ಎರಡು ಕಟ್ಟು ನಿನಗೆ ಅಂತ ತೆಗೆದಿಟ್ಟಿದ್ದೇನೆ. ಆ ಕಡೆ ಬರುವವರು ಯಾರಾದರೂ ಸಿಕ್ಕಿದರೆ ಕೊಟ್ಟು ಕಳಿಸುತ್ತೇನೆ. ಚಳಿಗೆ ಕಿವಿ ಮುಚ್ಚಿಕೊಂಡು ಹೋಗು.

ನಿನ್ನ
ಅಮ್ಮ