ಶಾಸಕರೇ, ಮಣ್ಣಿನಲ್ಲಿ ಜೀವ ಇದೆಯೋ ಇಲ್ಲವೋ ಅದನ್ನೂ ಪರೀಕ್ಷೆ ಮಾಡಿಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳು ತಮಗೆ ಗೊತ್ತೇ ಇವೆ. ರಸಸಾರ, ಲವಣಾಂಶ, ಸಾವಯವ ಇಂಗಾಲದಿಂದ ಹಿಡಿದು ಸತು, ಬೋರಾನ್‌ವರೆಗೆ ಎಲ್ಲ ಇದೆ. ಮಣ್ಣಿನೊಳಗಿನ ಜೀವದ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ಕೇಳಿ ಕೇಳಿ ಸಾಕಾಗಿ ಈಗ ಎಲ್ಲರೆದುರು ಕೇಳುತ್ತಿದ್ದೇನೆ: ಮಣ್ಣಿನ ಸೂಕ್ಷ್ಮಜೀವಿಗಳು ಉಸಿರಾಡುವಾಗ ಕೆಲಸ ಮಾಡುವ ಡಿಹೈಡ್ರೋಜಿನೇಸ್ ಎಂಬ ಕಿಣ್ವದ (ಎನ್‌ಜೈಮ್) ಪರೀಕ್ಷೆ ಒಂದನ್ನಾದರೂ ಸೇರಿಸಿ.

ನಾಲೆ ಬಯಲಲ್ಲಿ ಒಂದು ಗದ್ದೆಯಲ್ಲಿ ಪ್ರತಿ ಕಟಾವಿಗೂ ಕಬ್ಬಿನ ತರಗಿಗೆ ಬೆಂಕಿ ಹಾಕುತ್ತಾರೆ. ಪಕ್ಕದ್ದರಲ್ಲಿ ಅದೇ ತರಗನ್ನು ಸಾಲಿಗೆ ಮುಚ್ಚುತ್ತಾರೆ. ಚೀಟಿಯಲ್ಲಿ ಎರಡಕ್ಕೂ ಇಂಗಾಲ ‘ಮಧ್ಯಮ’, ಎರಡಕ್ಕೂ ಒಂದೇ ಗೊಬ್ಬರದ ಶಿಫಾರಸು! ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದೇ ಮಾದರಿ ತೆಗೆದರೆ ಇನ್ನೇನಾದೀತು? ಇಂಗಾಲ ಏರಿಳಿಯಲು ವರ್ಷಗಳೇ ಬೇಕು. ಕಿಣ್ವ ಅದಕ್ಕೂ ಮೊದಲೇ ಸುಳಿವು ಕೊಡುತ್ತದೆ.

ಡಿಹೈಡ್ರೋಜಿನೇಸ್ ಜೀವಂತ ಕೋಶದೊಳಗೆ ಮಾತ್ರ ಕೆಲಸ ಮಾಡುತ್ತದೆ. 6 ಗ್ರಾಂ ಮಣ್ಣಿಗೆ ಚಿಟಿಕೆ ಕ್ಯಾಲ್ಸಿಯಂ ಕಾರ್ಬೊನೇಟ್, ಟಿಟಿಸಿ ಎಂಬ, ಕಿಣ್ವ ತಾಗಿದರೆ ಕೆಂಪಾಗುವ ರಾಸಾಯನಿಕದ ಶೇ. 3ರ ದ್ರಾವಣ 1 ಮಿ.ಲೀ., ನೀರು 2.5 ಮಿ.ಲೀ. ಹಾಕಿ ಮುಚ್ಚಿ, 37 ಡಿಗ್ರಿಯಲ್ಲಿ 24 ಗಂಟೆ ಕತ್ತಲಲ್ಲಿ ಇಡಬೇಕು. ಜೀವ ಇದ್ದಷ್ಟೂ ಕೆಂಪು ಬಣ್ಣ ಕಟ್ಟುತ್ತದೆ. ಅದನ್ನು ಮೆಥನಾಲ್‌ನಲ್ಲಿ ತೊಳೆದು ಸೋಸಿ, 485 ನ್ಯಾನೊಮೀಟರ್ ಬೆಳಕಿನಲ್ಲಿ ಬಣ್ಣ ಎಷ್ಟು ಗಾಢ ಎಂದು ಓದಿದರೆ ಮುಗಿಯಿತು. ರಂಜಕ ಅಳೆಯುವ ಬಣ್ಣಮಾಪಕವೇ ಇದಕ್ಕೂ ಸಾಕು.

ಕೆಡುವುದು ಮಾದರಿಯಲ್ಲಿ. ಆರು ಇಂಚು ಆಳದ ಹಸಿ ಮಣ್ಣನ್ನು ಐಸ್ ಪೆಟ್ಟಿಗೆಯಲ್ಲಿ ಪರೀಕ್ಷೆಗೆ ಒಯ್ದರೆ, ಪ್ರಯೋಗಾಲಯದವರು ಅದನ್ನು ಪೇಪರ್ ಮೇಲೆ ಸುರಿದು ತಾರಸಿಯ ಬಿಸಿಲಿಗೆ ಹರವಿದರು. ಸಂಜೆಗೆ ಅದು ಬೂದಿಯಂತೆ ಬಿಳಿಚಿಕೊಂಡಿತ್ತು. ಕೊಂದ ಮೇಲೆ ನಾಡಿ ಹಿಡಿದರೆ ಏನು ಸಿಗುತ್ತದೆ ಸ್ವಾಮಿ? ಇದನ್ನು ನೋಡಿ ಹೊಟ್ಟೆ ಉರಿಯುತ್ತದೆ. ಮಾದರಿಯನ್ನು 2 ಮಿ.ಮೀ. ಜರಡಿಯಲ್ಲಿ ಹಿಡಿದು, 4 ಡಿಗ್ರಿಯಲ್ಲಿಟ್ಟು, ಬೇಗ ಪರೀಕ್ಷಿಸಬೇಕು. ಯೂರಿಯಾ ಎರಚಿದ ಹೊಸದರಲ್ಲಿ ಮಾದರಿ ತೆಗೆಯಲೇಬಾರದು, ಅದರಿಂದ ಹುಟ್ಟುವ ನೈಟ್ರೇಟ್ ಲೆಕ್ಕ ತಪ್ಪಿಸುತ್ತದೆ. ತಾಮ್ರದ ಔಷಧಿ ಹೊಡೆದ ತೋಟದಲ್ಲೂ ಬಣ್ಣ ಕಡಿಮೆ ಕಾಣಬಹುದು.

ಇನ್ನೊಂದು ಮಾತು: ನೀರು ನಿಂತ ಭತ್ತದ ಗದ್ದೆಯಲ್ಲಿ ಈ ಕಿಣ್ವ ಹೆಚ್ಚಿರುತ್ತದೆ. ಹಾಗಾಗಿ ಕಬ್ಬನ್ನು ಕಬ್ಬಿನ ಜೊತೆಗೆ, ಅದೇ ಹಂಗಾಮಿನಲ್ಲೇ ಹೋಲಿಸಬೇಕು. ನಮ್ಮ ಮಣ್ಣಿಗೆ ತಕ್ಕ ಅಳತೆಗೋಲನ್ನು ಇಲ್ಲೇ ಮಂಡ್ಯದಲ್ಲಿರುವ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿಂದ ಮಾಡಿಸಬಹುದು.

ದಯವಿಟ್ಟು ಚೀಟಿಗೆ ಆ ಒಂದು ಪರೀಕ್ಷೆ ಸೇರಿಸಿ. ಹೋಬಳಿಗೊಂದು ಐಸ್ ಪೆಟ್ಟಿಗೆ, ಒಂದು ಫ್ರಿಜ್ ಕೊಡಿಸಿ. ಮುಂದಿನ ಕಟಾವಿನೊಳಗೆ ಕೊಡಿಸಿ.

ಇಂತಿ,
ಮಂಡ್ಯ ತಾಲ್ಲೂಕಿನ ಒಬ್ಬ ಕಬ್ಬು ಬೆಳೆಗಾರ